ಯೋನಿಯ ಕ್ಯಾನ್ಸರ್ ಒಳಗೊಳಗೇ ಹೇಗೆ ಬೆಳೆಯುತ್ತದೆ?

ಯೋನಿಯಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪ. ಅಲ್ಲಿ ಕಾಣುವ ಗಡ್ಡೆಗಳಲ್ಲಿ ಹೆಚ್ಚಿನವು ಗರ್ಭಕೊರಳಿನಂಥ ಬೇರೆ ಅಂಗದಿಂದ ಹರಡಿ ಬಂದಿರುತ್ತವೆ. ಅಲ್ಲೇ ಹುಟ್ಟಿದವು ಬಹುಪಾಲು ಒಳಪದರದ ಚಪ್ಪಟೆ ಜೀವಕೋಶಗಳಿಂದ ಶುರುವಾಗುತ್ತವೆ.

ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್, ಅದರಲ್ಲೂ 16ನೇ ಬಗೆ. ವೈರಸ್ ತಗಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಡಿ. ಹೆಚ್ಚಿನವರಲ್ಲಿ ದೇಹವೇ ಅದನ್ನು ಒಂದೆರಡು ವರ್ಷದಲ್ಲಿ ಹತ್ತಿಕ್ಕುತ್ತದೆ. ವರ್ಷಗಟ್ಟಲೆ ಉಳಿದುಕೊಂಡರೆ ತೊಂದರೆ. ವೈರಸ್ಸಿನ ಇ6 ಪ್ರೋಟೀನ್ ನಮ್ಮ ಪಿ53 ಪ್ರೋಟೀನನ್ನು ನಾಶ ಮಾಡುತ್ತದೆ. ಡಿಎನ್‌ಎ ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವುದು ಈ ಪಿ53. ಇನ್ನೊಂದು ಕಡೆ ಇ7, ಜೀವಕೋಶ ಸುಮ್ಮಸುಮ್ನೆ ಒಡೆದು ಹೆಚ್ಚದಂತೆ ಹಿಡಿದಿಡುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಎರಡೂ ಬ್ರೇಕು ಹೋದ ಹಾಗೆ. ತಪ್ಪುಗಳು ಸೇರುತ್ತಾ ಹೋಗುತ್ತವೆ.

ಕೆಟ್ಟ ಜೀವಕೋಶಗಳು ಒಳಪದರದಲ್ಲೇ ಇರುವವರೆಗೆ ಅದು ಕ್ಯಾನ್ಸರಿಗೆ ಮುಂಚಿನ ಹಂತ. ಪದರದ ತಳದ ಪೊರೆ ದಾಟಿದರೆ ಕ್ಯಾನ್ಸರ್. ಯೋನಿಯ ಗೋಡೆ ತೆಳು. ಮುಂದೆ ಮೂತ್ರಕೋಶ, ಹಿಂದೆ ಗುದನಾಳ ಅಂಟಿಕೊಂಡೇ ಇವೆ, ಹಾಗಾಗಿ ಅಲ್ಲಿಗೂ ನುಗ್ಗಬಹುದು. ಮೇಲ್ಭಾಗದ ಗಡ್ಡೆ ಸಾಮಾನ್ಯವಾಗಿ ಸೊಂಟದೊಳಗಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್), ಕೆಳಭಾಗದ್ದು ತೊಡೆಸಂದಿನ ಗ್ರಂಥಿಗಳಿಗೆ ಹರಡುತ್ತದೆ.

ಇನ್ನೊಂದು ಅಪರೂಪದ ಬಗೆ, ರಸ ಒಸರುವ ಗ್ರಂಥಿ ಜೀವಕೋಶಗಳದ್ದು. ಬಸಿರಿನಲ್ಲಿ ಡಿಇಎಸ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ, ಅದೂ ಎಳೆ ವಯಸ್ಸಿನಲ್ಲೇ ಇದು ಕಾಣಿಸಿಕೊಂಡದ್ದನ್ನು 1971ರಲ್ಲಿ ಬಾಸ್ಟನ್ನಿನ ವೈದ್ಯರು ಪತ್ತೆ ಮಾಡಿದರು.

"ಗರ್ಭಕೋಶ ತೆಗೆಸಿ ಆಯ್ತಲ್ಲ, ಇನ್ನೇನು?" ಎನ್ನುವವರು ಜಾಸ್ತಿ. ಗರ್ಭಕೊರಳಿನ ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತಕ್ಕಾಗಿ ತೆಗೆಸಿದ್ದರೆ ಯೋನಿಯಲ್ಲಿ ವೈರಸ್ ಉಳಿದಿರಬಹುದು. ಅಂಥವರು ತಪಾಸಣೆ ಬಿಡಬಾರದು. ಮುಟ್ಟು ನಿಂತ ಮೇಲೆ ಒಂದೇ ಸಲ ರಕ್ತ ಕಂಡರೂ ವೈದ್ಯರಿಗೆ ತೋರಿಸಿ.