ಮಳೆನೀರನ್ನು ಓಡಿಸಲು ಅಷ್ಟೇನು ಅವಸರ?

ಮುಂಬಯಿಯ ಮುಲುಂಡಿನ ಓದುಗರೊಬ್ಬರ ಪತ್ರ: “ನಮ್ಮ ಸೊಸೈಟಿಯ ಕಂಪೌಂಡಿನಲ್ಲಿ ಅರ್ಧ ಜಾಗ ಇನ್ನೂ ಮಣ್ಣೇ. ಮಳೆಗಾಲದಲ್ಲಿ ಕೆಸರು, ಸೊಳ್ಳೆ. ಈ ಸಲ ಪೂರ್ತಿ ಕಾಂಕ್ರೀಟ್ ಹಾಕಿಸಿ ನೀರನ್ನು ನೇರ ಗಟಾರಕ್ಕೆ ಬಿಡೋಣ ಅಂತ ಕಮಿಟಿಯವರ ಮಾತು. ನಿಮ್ಮ ಪತ್ರಿಕೆಯೋ, ಕಾಂಕ್ರೀಟ್ ಕಂಡರೆ ಸಿಡುಕುತ್ತದೆ. ಪಾಲಿಕೆ ಗಟಾರ ದೊಡ್ಡದು ಮಾಡಿ ಪಂಪು ಹಾಕಿದರೆ ಸಾಕಲ್ವಾ?”

ಸಂಪಾದಕರ ಉತ್ತರ:

ಸಿಡುಕು ಇದೆ ಮಾರಾಯ್ರೇ, ಇಲ್ಲ ಅನ್ನುವುದಿಲ್ಲ. ನಿಮ್ಮ ಪತ್ರ ಓದಿ ಇನ್ನಷ್ಟು ಜಾಸ್ತಿಯಾಯಿತು.

ಮೊದಲು ಪಂಪಿಗೆ ಸಲ್ಲಬೇಕಾದದ್ದು ಸಲ್ಲಲಿ. ಉಬ್ಬರದ ಹೊತ್ತಿಗೆ ಜೋರು ಮಳೆ ಬಂದರೆ ಗಟಾರದ ನೀರು ತಾನಾಗಿ ಸಮುದ್ರ ಸೇರುವುದಿಲ್ಲ. ಹಾಜಿ ಅಲಿ, ಲವ್ ಗ್ರೋವ್, ಇರ್ಲಾದ ಪಂಪುಗಳು ಆಗ ಬೇಕೇ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಸುರಿಯಿತು. ಅಷ್ಟನ್ನು ಯಾವ ಮಣ್ಣೂ ಕುಡಿಯುವುದಿಲ್ಲ. ಒಪ್ಪಿದೆ.

ಈಗ ನನ್ನ ಮಾತು ಕೇಳಿ. ಈ ಊರಿನ ಹಳೆಯ ಗಟಾರಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಇಳಿತದ ಹೊತ್ತಿನ ಲೆಕ್ಕದಲ್ಲಿ ಕಟ್ಟಿದ್ದು. ಇದು ಎಲ್ಲರೂ ಹೇಳುವ ಸಂಗತಿ. ಯಾರೂ ಹೇಳದ ಇನ್ನರ್ಧ ಇದೆ. ಬಿದ್ದ ಮಳೆಯಲ್ಲಿ ಅರ್ಧ ಮಾತ್ರ ಗಟಾರಕ್ಕೆ ಬರುತ್ತದೆ, ಉಳಿದರ್ಧ ನೆಲಕ್ಕೆ ಇಂಗುತ್ತದೆ ಅಂತ ಗಟಾರ ಕಟ್ಟಿದವರು ಹಿಡಿದಿದ್ದರು. ಅಂದರೆ ನಿಮ್ಮ ಕಂಪೌಂಡಿನ ಮಣ್ಣಿಗೂ ಆ ಲೆಕ್ಕದಲ್ಲಿ ಕೆಲಸ ಇತ್ತು, ಸಂಬಳವಿಲ್ಲದ ಕೆಲಸ. ಈ ಊರಿನ ಮಳೆನೀರಿನ ಗಟಾರಗಳ ಬಗ್ಗೆ 1993ರ ಬ್ರಿಮ್‌ಸ್ಟೊವಾಡ್ ವರದಿ ಬರುವ ಹೊತ್ತಿಗೆ ಊರು ಎಷ್ಟು ಮುಚ್ಚಿಹೋಗಿತ್ತು ಅಂದರೆ, ಬಿದ್ದದ್ದೆಲ್ಲ ಹರಿದೇ ಬರುತ್ತದೆ ಅಂತ ಹಿಡಿದು, ಗಂಟೆಗೆ 50 ಮಿಲಿಮೀಟರಿಗೆ ಗಟಾರ ಬೇಕು ಅಂದರು. ಮಳೆಯ ಲೆಕ್ಕ ಎರಡು ಪಟ್ಟು, ಹರಿವಿನ ಲೆಕ್ಕ ನಾಲ್ಕು ಪಟ್ಟು! ಅದರಲ್ಲಿ ಒಂದು ದುಪ್ಪಟ್ಟು ಮಣ್ಣು ಮುಚ್ಚಿದ್ದಕ್ಕೆ ತೆತ್ತದ್ದು. ಮೇಲಿನವರು ಬಿಟ್ಟ ನೀರು ಕೆಳಗಿನವರ ಮನೆ ಹೊಗುತ್ತದೆ. ನಿಮ್ಮದು ಎತ್ತರದ ಜಾಗ ಇರಬಹುದು. ಕೆಳಗೂ ಜನ ಇದ್ದಾರಲ್ವಾ?

ಜೋರು ಮಳೆ ಬಂದರೆ ನೀರು ನಿಲ್ಲುವ ತಗ್ಗು ಜಾಗ, ಪರೇಲಿನ ಹಿಂದ್‌ಮಾತಾ ನೋಡಿ. ಎಷ್ಟೋ ವರ್ಷ ಗಟಾರ ದೊಡ್ಡದು ಮಾಡುವುದರಲ್ಲೇ ಕಳೆಯಿತು. ಕಡೆಗೆ ಪಾಲಿಕೆಯೇ ಹತ್ತಿರದ ಮೈದಾನ, ಪಾರ್ಕುಗಳ ಅಡಿಯಲ್ಲಿ ಟ್ಯಾಂಕ್ ಕಟ್ಟಿ, ಸಮುದ್ರ ಇಳಿಯುವವರೆಗೆ ನೀರನ್ನು ಅಲ್ಲಿ ಕೂರಿಸಿತು. ನೀರನ್ನು ಓಡಿಸುವುದಕ್ಕಿಂತ ತಡೆದು ನಿಲ್ಲಿಸುವುದು ಮೇಲು ಅಂತ ಅವರಿಗೂ ಹೊಳೆಯಿತು, ಕೋಟಿಗಟ್ಟಲೆ ಸುರಿದ ಮೇಲೆ. ನಿಮ್ಮ ಮಣ್ಣು ಅದನ್ನೇ ಪುಕ್ಕಟೆ ಮಾಡುತ್ತಿದೆ.

ಸೊಳ್ಳೆ ಅಂದಿರಿ. ಈ ಊರಿನಲ್ಲಿ ಸೊಳ್ಳೆಯ ಹೆಸರಿನಲ್ಲಿ ಬಹಳ ಕೆಲಸ ಆಗಿದೆ. ನೂರು ವರ್ಷದ ಹಿಂದೆ ಮಲೇರಿಯಾ ಅಂತ ಎಷ್ಟೋ ಬಾವಿ ಮುಚ್ಚಿಸಿದರು. ಆಗ ಕಾರಣ ಇತ್ತು, ಬಾವಿಯ ತಿಳಿನೀರಲ್ಲಿ ಆ ಸೊಳ್ಳೆ ಮೊಟ್ಟೆ ಇಡುತ್ತದೆ. ಆದರೆ ಮೊಟ್ಟೆ ಸೊಳ್ಳೆಯಾಗಿ ಹಾರಲು ಹೆಚ್ಚುಕಡಿಮೆ ಒಂದು ವಾರ ಬೇಕು. ಎರಡು ದಿನದಲ್ಲಿ ಇಂಗುವ ನೀರಲ್ಲಿ ಅದಕ್ಕೆ ಬಾಳಿಲ್ಲ. ಟೆರೇಸಿನ ಮುಚ್ಚಳವಿಲ್ಲದ ಟ್ಯಾಂಕು, ಹೂಕುಂಡದ ತಟ್ಟೆ, ಎಸೆದ ಟಯರು, ಇವನ್ನು ನೋಡಿದ್ದೀರಾ? ಮಣ್ಣಿನ ಮೇಲೆ ಸುಮ್ನೆ ಅಪವಾದ.

ಇನ್ನೊಂದು ಹೊಟ್ಟೆಉರಿ. ಮುಂಬಯಿಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಜಾಸ್ತಿ ಮಳೆ. ಸಾವಿರ ಚದರ ಮೀಟರ್ ಜಾಗದ ಮೇಲೆ 20 ಲಕ್ಷ ಲೀಟರ್ ಬೀಳುತ್ತದೆ, ಅಂದರೆ ಹತ್ತು ಸಾವಿರ ಲೀಟರಿನ 200 ಟ್ಯಾಂಕರ್. ಜುಲೈಯಲ್ಲಿ ಇದನ್ನು ಗಟಾರಕ್ಕೆ ದೂಡಿದ ಸೊಸೈಟಿಗಳೇ ಮೇ ತಿಂಗಳಲ್ಲಿ ಟ್ಯಾಂಕರಿಗೆ ದುಡ್ಡು ಕೊಡುತ್ತವೆ. ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಮಳೆನೀರು ಹಿಡಿಯುವುದು 2002ರಿಂದ ಕಡ್ಡಾಯ. ಓಸಿ, ಅಂದರೆ ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆಯ ಅನುಮತಿ ಪತ್ರ, ಸಿಗುವವರೆಗೆ ಇಂಗುಗುಂಡಿ ಇರುತ್ತದೆ. ಆಮೇಲೆ ಅದರ ಮೇಲೆ ಕಾರು ನಿಲ್ಲುತ್ತದೆ. ಇಲ್ಲಿಯ ನಮ್ಮ ಕನ್ನಡಿಗರೂ ಕಡಿಮೆಯೇನಲ್ಲ. ರಜೆಯಲ್ಲಿ ಊರಿಗೆ ಹೋಗಿ ಬಾವಿಕಟ್ಟೆ, ತೋಡು, ತೋಟ ಅಂತ ಫೋಟೋ ಕಳಿಸುವವರೇ ಇಲ್ಲಿಯ ಕಮಿಟಿಯಲ್ಲಿ ಕೂತು ಮರದ ಬುಡದವರೆಗೆ ಸಿಮೆಂಟ್ ಬಳಿಸುತ್ತಾರೆ. ಪಂಪಿಗಾದರೆ ಉದ್ಘಾಟನೆ ಇದೆ, ಟೇಪು ಇದೆ, ಪತ್ರಿಕೆಯಲ್ಲಿ ಫೋಟೋ ಇದೆ. ನಾಲಾಸಫಾಯಿಗೆ, ಅಂದರೆ ಗಟಾರದ ಹೂಳೆತ್ತುವುದಕ್ಕೆ, ವರ್ಷವರ್ಷ ಟೆಂಡರ್ ಇದೆ. ಬರಿ ಮಣ್ಣು ಬಿಟ್ಟದ್ದಕ್ಕೆ ಹಾರ ಹಾಕಿದವರನ್ನು ನಾನು ಕಂಡಿಲ್ಲ.

ಕೆಸರಿನ ವಿಷಯ ಮಾತ್ರ ನೀವು ಹೇಳಿದ್ದು ಸರಿ. ವಯಸ್ಸಾದವರು ಜಾರಿ ಬೀಳಬಾರದು. ಗೇಟಿನಿಂದ ಲಿಫ್ಟಿನವರೆಗೆ ನಡೆಯುವ ದಾರಿಗೆ ಪೇವರ್ ಹಾಕಿಸಿ. ಆದರೆ ಕೆಳಗೆ ಕಾಂಕ್ರೀಟ್ ಹಾಸು ಬೇಡ, ಜಲ್ಲಿ ಮರಳು ಸಾಕು. ಸಂದಿಗೆ ಸಿಮೆಂಟ್ ತುಂಬಿಸಬೇಡಿ. ಉಳಿದ ಜಾಗದಲ್ಲಿ ಹುಲ್ಲು ಬರಲಿ. ಟೆರೇಸಿನ ಪೈಪನ್ನು ಗಟಾರದ ಬದಲು ಜಲ್ಲಿ ತುಂಬಿದ ಇಂಗುಗುಂಡಿಗೆ ತಿರುಗಿಸಿ, ಗುಂಡಿ ಕಟ್ಟಡದ ತಳಪಾಯದಿಂದ ದೂರ ಇರಲಿ. ಕಂತ್ರಾಟುದಾರ ಹಾಗೆಲ್ಲ ಆಗುವುದಿಲ್ಲ ಅನ್ನುತ್ತಾನೆ. ಪೂರ್ತಿ ಕಾಂಕ್ರೀಟಿಗೂ ಇದಕ್ಕೂ ಬೇರೆ ಬೇರೆ ಕೊಟೇಶನ್ ಕೇಳಿ, ಮಹಾಸಭೆಯಲ್ಲಿ ಎರಡನ್ನೂ ಓದಿಸಿ.