ಸೊನ್ನೆ ಡಿಗ್ರಿಯ ದಿನ ಬಸ್ಸು ಹತ್ತಿ

ಫಿನ್ಲೆಂಡಿನ ಔಲುವಿಗೆ ಬಂದು ಎರಡು ತಿಂಗಳಾಯಿತು, ಮನೆ ಪೇಟೆಯಲ್ಲಿ, ಓದು ಲಿನ್ನನ್ಮಾದ ಯೂನಿವರ್ಸಿಟಿಯಲ್ಲಿ, ಹಿಮ ಬಿದ್ದ ಮೇಲೂ ಸೈಕಲ್ಲಲ್ಲೇ ಹೋಗಬಹುದಾ, ಮೈನಸ್ 20ರಲ್ಲಿ ಏನು ಗತಿ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಬಹುದು. ನಾನು ಹನ್ನೊಂದು ಚಳಿಗಾಲ ತುಳಿದಿದ್ದೇನೆ. ಮೊದಲನೆಯದರಲ್ಲೇ ಮಣಿಕಟ್ಟು ಮುರಿದುಕೊಂಡೆ.

ಆ ದಿನ ಅಂಥಾ ಚಳಿಯೇನೂ ಇರಲಿಲ್ಲ. ನವೆಂಬರ್, ಸೊನ್ನೆಯ ಆಸುಪಾಸು. ರಾತ್ರಿ ಬಂದ ಮಳೆ ಬೆಳಗಿನ ಜಾವ ಹೆಪ್ಪುಗಟ್ಟಿತ್ತು. ದಾರಿ ಸುಮ್ನೆ ಒದ್ದೆಯಾದ ಹಾಗೆ ಕಾಣುತ್ತಿತ್ತು. ಅಂಡರ್‌ಪಾಸಿಗೆ ಇಳಿಯುವ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ. ಚಕ್ರ ಜಾರಿದ್ದೇ ಗೊತ್ತಾಗಲಿಲ್ಲ, ಕೈಯೂರಿ ಬಿದ್ದಿದ್ದೆ. ಆರು ವಾರ ಪ್ಲಾಸ್ಟರ್. ಒಂದೇ ಕೈಯಲ್ಲಿ ಚಪಾತಿ ಲಟ್ಟಿಸುವುದು ಹೇಗೆ ಅಂತ ಬೇಕಾದರೆ ಇನ್ನೊಮ್ಮೆ ಬರೆಯುತ್ತೇನೆ.

ಚಳಿ ಜಾಸ್ತಿಯಾದಷ್ಟೂ ಹಿಮ ಒಣಗಿರುತ್ತದೆ. ಮೈನಸ್ 15ರಲ್ಲಿ ಟೈರಿನ ಅಡಿ ಕರಕರ ಅನ್ನುತ್ತದೆ, ಹಿಡಿತ ಸಿಗುತ್ತದೆ. ಸೊನ್ನೆಯ ಹತ್ತಿರ ಐಸಿನ ಮೇಲೆ ನೀರಿನ ಪದರ ಕೂರುತ್ತದೆ, ಮೋಸ ಆಗುವುದು ಅಲ್ಲಿ. ನವೆಂಬರ್ ಮತ್ತು ಮಾರ್ಚ್-ಏಪ್ರಿಲ್ ಇಂಥ ದಿನಗಳೇ. ನಾನು ಮಲೆನಾಡಿನವನು. ಮಳೆಗಾಲದಲ್ಲಿ ಪಾಚಿ ಹಿಡಿದ ಸಂಕ ದಾಟುವ ಹಾಗೆ ಸೈಕಲ್ ಓಡಿಸಬೇಕು: ಯಾವುದನ್ನೂ ಗಕ್ಕನೆ ಮಾಡಬಾರದು. ವೇಗವನ್ನು ತಿರುವಿಗೆ ಮುಂಚೆ, ನೇರ ದಾರಿಯಲ್ಲೇ ಇಳಿಸಿ, ಅದೂ ಹಿಂದಿನ ಬ್ರೇಕಿನಲ್ಲಿ. ತಿರುಗುವಾಗ ವಾಲಬೇಡಿ. ಸೀಟು ಒಂದಿಷ್ಟು ತಗ್ಗಿಸಿಕೊಂಡರೆ ಕಾಲು ನೆಲಕ್ಕೆ ಬೇಗ ಸಿಗುತ್ತದೆ. ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ, ಯಾಕೆಂದರೆ ಅಡಿಯಲ್ಲೂ ತಣ್ಣನೆ ಗಾಳಿ.

ದುಡ್ಡು ಎಲ್ಲಿಯಾದರೂ ಖರ್ಚು ಮಾಡುವುದಿದ್ದರೆ ಮೊಳೆ ಟೈರಿಗೆ ಮಾಡಿ. ಇಲ್ಲಿಯವರು ನಸ್ತಾರೆಂಗಾಸ್ ಅನ್ನುತ್ತಾರೆ. ಟೈರಿನ ತುಂಬ ಚಿಕ್ಕ ಗಟ್ಟಿ ಮೊಳೆಗಳು, ಕೆಲವದರಲ್ಲಿ ನೂರು, ಕೆಲವದರಲ್ಲಿ ಇನ್ನೂರರ ಮೇಲೆ. ಎರಡಕ್ಕೂ ಕೊಳ್ಳಲು ಆಗದಿದ್ದರೆ ಮುಂದಿನ ಚಕ್ರಕ್ಕೆ ಹಾಕಿಸಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನನ್ನ ಕತೆಯೇ. ಹೊಸದರಲ್ಲಿ ಮೊದಲ ಸುಮಾರು 40 ಕಿ.ಮೀ. ಬರಿಯ ಡಾಂಬರಿನ ಮೇಲೆ ಮೆತ್ತಗೆ ಓಡಿಸಿ, ಮೊಳೆ ಸರಿಯಾಗಿ ಕೂರುತ್ತದೆ.

ದಾರಿಯ ಚಿಂತೆ ಬೇಡ. ಈ ಊರಲ್ಲಿ ಸೈಕಲ್ ದಾರಿಯೇ 900 ಕಿ.ಮೀ.ಗೂ ಹೆಚ್ಚು ಇದೆ, ಹಿಮ ಬಿದ್ದರೆ ಯಂತ್ರ ಬಂದು ಗೋರುತ್ತದೆ. ಚಳಿಗಾಲದ ಸೈಕಲ್ ಸವಾರಿ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದೂ ಇಲ್ಲೇ. ಐಸಿನ ಮೇಲೆ ಸೆಪೆಲಿ ಅಂತ ಸಣ್ಣ ಜಲ್ಲಿ ಉದುರಿಸುತ್ತಾರೆ. ನಮ್ಮೂರಲ್ಲಿ ಜಾರುವ ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದೆವು, ಹಾಗೆ. ಸೋಗೆಯಿಂದ ಪಂಕ್ಚರ್ ಆಗುತ್ತಿರಲಿಲ್ಲ, ಅಷ್ಟೇ.

ಸೈಕಲ್ಲನ್ನು ಮನೆಯೊಳಗೆ ತರಬೇಡಿ, ಹೊರಗಿನ ಶೆಡ್ಡಿನಲ್ಲೇ ಇರಲಿ. ಬೆಚ್ಚಗಿನ ಕೋಣೆಯಲ್ಲಿ ಹಿಮ ಕರಗಿ ನೀರು ಕೇಬಲ್ಲಿನೊಳಗೆ ಇಳಿಯುತ್ತದೆ. ಬೆಳಿಗ್ಗೆ ಹೊರಗೆ ತಂದ ಹತ್ತೇ ನಿಮಿಷಕ್ಕೆ ಬ್ರೇಕ್ ಗಟ್ಟಿ. ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುವ ಹಳೇ ನಮೂನೆಯ ಬ್ರೇಕ್ ಇದ್ದರೆ ಈ ರಗಳೆ ಕಡಿಮೆ. ಬೀಗ ಹೆಪ್ಪುಗಟ್ಟಿದರೆ ಬಿಸಿನೀರು ಸುರಿಯಬೇಡಿ, ಅದೂ ಐಸ್ ಆಗುತ್ತದೆ. ಬೀಗಕ್ಕೆ ಬಿಡುವ ಎಣ್ಣೆಯ ಪುಟ್ಟ ಬಾಟಲಿ ಜೇಬಲ್ಲಿರಲಿ.

ಡಿಸೆಂಬರ್ ಕೊನೆಯಲ್ಲಿ ಬೆಳಕು ಮೂರೂವರೆ ಗಂಟೆ ಮಾತ್ರ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಾನೂನಿನ ಪ್ರಕಾರವೇ ಬೇಕು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ದಿನಾ ಮನೆಯೊಳಗೆ ಚಾರ್ಜ್ ಮಾಡಿ. ಐಸಿನ ಮೇಲೆ ಕಾರೂ ಬೇಗ ನಿಲ್ಲುವುದಿಲ್ಲ. ದಾಟುವ ಹಕ್ಕು ನಿಮ್ಮದೇ ಆದರೂ ಅದು ನಿಲ್ಲುವ ತನಕ ಕಾಯಿರಿ.

ಬಟ್ಟೆ ಜಾಸ್ತಿ ಹೇರಿಕೊಳ್ಳಬೇಡಿ. ಹೊರಟಾಗ ಸ್ವಲ್ಪ ನಡುಗಿದರೇ ಸರಿ, ಎರಡನೇ ಕಿಲೋಮೀಟರಿಗೆ ಬೆವರುತ್ತೀರಿ. ಅಮ್ಮ ಕಳಿಸಿದ ದಪ್ಪ ಮಂಕಿ ಕ್ಯಾಪ್ ಹೆಲ್ಮೆಟ್ಟಿನೊಳಗೆ ಹಿಡಿಸುವುದಿಲ್ಲ, ತೆಳು ಉಣ್ಣೆ ಟೋಪಿ ಸಾಕು. ಕೈಗೆ ಬೆರಳು ಬಿಡಿಬಿಡಿಯಾದ ಗ್ಲೌಸ್ ಬೇಡ, ನಾಲ್ಕೂ ಬೆರಳು ಒಟ್ಟಿಗೆ ಕೂರುವಂಥದ್ದೇ ಬೆಚ್ಚಗೆ.

ಮಳೆ ಬಂದು ಹೆಪ್ಪುಗಟ್ಟಿದ ಬೆಳಿಗ್ಗೆ ನಾನು ಈಗಲೂ ಬಸ್ಸಲ್ಲೇ ಹೋಗುತ್ತೇನೆ. ಟೈರ್ ಮಾತ್ರ ಈ ವಾರವೇ ಹಾಕಿಸಿಬಿಡಿ. ಮೊದಲ ಹಿಮ ಬಿದ್ದ ದಿನ ಸೈಕಲ್ ಅಂಗಡಿಗೆ ಹೋದರೆ ಊರೆಲ್ಲ ಅಲ್ಲೇ ನಿಂತಿರುತ್ತದೆ.