ಮೊದಲು ತಕ್ಕಡಿ, ಆಮೇಲೆ ಕಾರ್ಖಾನೆ

ಓದುಗರೊಬ್ಬರ ಪತ್ರದ ಸಾರ: “ಸಣ್ಣ ರೈತರು ಸೋಲುವುದೇ ಬೆಳೆದದ್ದನ್ನು ಹಾಗೆಹಾಗೇ ಮಾರುವುದರಿಂದ. ದಲ್ಲಾಳಿಯನ್ನು ಓಡಿಸಿ, ಸಂಸ್ಕರಣಾ ಘಟಕ ಕಟ್ಟಿ, ಬ್ರ್ಯಾಂಡ್ ಮಾಡಿದರೆ ಲಾಭವೆಲ್ಲ ಅವರದೇ. ಇದನ್ನು ನೀವೇಕೆ ಬರೆಯುವುದಿಲ್ಲ?”

ಸಂಪಾದಕರ ಉತ್ತರ:

ಅಂಗಡಿ ಬೆಲೆಯಲ್ಲಿ ಬೆಳೆದವನ ಪಾಲು ಚೂರು ಎಂಬ ನಿಮ್ಮ ಸಂಕಟ ನಿಜ. ಅಷ್ಟನ್ನು ಒಪ್ಪಿದೆವು. ಆದರೆ ನೀವು ಅಟ್ಟ ಕಟ್ಟಿ ಆಮೇಲೆ ಗೋಡೆ ಎಬ್ಬಿಸಲು ಹೊರಟಿದ್ದೀರಿ.

ದಲ್ಲಾಳಿ ಮಾಡುವ ಕೆಲಸಗಳನ್ನು ಒಮ್ಮೆ ಎಣಿಸಿ. ಬಿತ್ತನೆಗೆ ಸಾಲ ಕೊಡುತ್ತಾನೆ, ಹೊಲದ ಬದುವಿಗೇ ಗಾಡಿ ತರುತ್ತಾನೆ, ಮೂರೇ ಚೀಲವಿದ್ದರೂ ಬೇಡವೆನ್ನುವುದಿಲ್ಲ, ಒಳ್ಳೆಯದು ಕೆಟ್ಟದ್ದು ಬೆರೆತಿದ್ದರೂ ಎತ್ತುತ್ತಾನೆ, ಸಂಜೆಯೊಳಗೆ ದುಡ್ಡು ಎಣಿಸುತ್ತಾನೆ. ಇದಕ್ಕೆಲ್ಲ ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ, ಗೊತ್ತು. ಅವನನ್ನು ಓಡಿಸಿದ ಮರುದಿನ ಈ ಐದು ಕೆಲಸ ಯಾರದು? ಅವನ ಬದಲು ಕೊಳ್ಳುವ ರೈತರ ಸಂಘ ಹಣ ಕೊಡಲು ತಿಂಗಳು ಎಳೆದರೆ ಮಾಲು ರಾತ್ರೋರಾತ್ರಿ ಹಳೇ ದಲ್ಲಾಳಿಯ ಗಾಡಿ ಹತ್ತುತ್ತದೆ. ಆಗ ‘ರೈತರಿಗೆ ನಿಯತ್ತಿಲ್ಲ’ ಎಂದು ಷರಾ ಬರೆಯುವವರ ಸಂಬಳ ಮಾತ್ರ ಒಂದನೇ ತಾರೀಖಿಗೇ ಬಂದಿರುತ್ತದೆ.

ರೈತ ನಿಜವಾಗಿ ಕಳೆದುಕೊಳ್ಳುವುದು ಅಳತೆಯಲ್ಲಿ. ಶೇ 20 ತೇವಾಂಶದ 100 ಕಿಲೋ ಮೆಕ್ಕೆಜೋಳದಲ್ಲಿ ಒಣ ಅಂಶ 80 ಕಿಲೋ. ತೇವವನ್ನು ಶೇ 13ಕ್ಕೆ ಇಳಿಸಿದರೆ, 80ನ್ನು 0.87ರಿಂದ ಭಾಗಿಸಿ, ತೂಕ ಸುಮಾರು 92 ಕಿಲೋ. ಹಾಗಾಗಿ ನೀರಿನ ಲೆಕ್ಕಕ್ಕೆ ಮುರಿಯಬೇಕಾದದ್ದು 8 ಕಿಲೋ. ಒಂದು ಕಾಳು ಕಚ್ಚಿ ನೋಡಿ ‘ಹಸಿ ಇದೆ’ ಎಂದು 15 ಕಿಲೋ ಮುರಿದರೆ 7 ಕಿಲೋ ಕಾಳು ಪುಕ್ಕಟೆ ಹೋಯಿತು. ಒಣಗಿಸುವ ಖರ್ಚಿದ್ದರೆ ಬೇರೆ ಹಿಡಿಯಲಿ, ತೂಕದೊಳಗೆ ಬಚ್ಚಿಡುವುದೇಕೆ?

ತೇವಮಾಪಕ ಇಲ್ಲದಿದ್ದರೂ ದಾರಿಯಿದೆ. ಒಣ ಗಾಜಿನ ಸೀಸೆಗೆ ಕಾಲುಭಾಗ ಕಾಳು, ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಿ, ಒಂದೆರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚು, ಇನ್ನೂ ಬಿಸಿಲು ಬೇಕು. ಉಪ್ಪೇ ಹಸಿಯಾಗಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ, ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿಕೊಳ್ಳಿ.

ಒಣಗಿಸುವುದು ಟಾರ್ಪಾಲಿನ ಮೇಲೆ, ನಾಲ್ಕು ಸೆಂ.ಮೀ. ದಪ್ಪಕ್ಕಿಂತ ಹೆಚ್ಚಿಲ್ಲದಂತೆ, ಆಗಾಗ ಕೈಯಾಡಿಸುತ್ತ. ಬರಿ ನೆಲದ ಮೇಲೆ ಹರಡಿದರೆ ಮಣ್ಣಿನ ಪಸೆ ಹತ್ತಿ ಬೂಸ್ಟು ಬರುತ್ತದೆ. ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಹುರಿದರೂ ಪೂರ್ತಿ ಹೋಗದು. ಆಮೇಲೆ ನಿಮ್ಮ ಬ್ರ್ಯಾಂಡಿನ ಚಂದದ ಪೊಟ್ಟಣ ಏನು ಮಾಡೀತು? ಗಾಳಿಯಾಡದ ಮೂರು ಪದರದ ಚೀಲದಲ್ಲಿ ಹುಳು ಉಸಿರುಕಟ್ಟಿ ಸಾಯುತ್ತದೆ, ಬೆಲೆ ಬರುವವರೆಗೆ ಕಾಯಬಹುದು. ಆದರೆ ಹಸಿ ಕಾಳು ತುಂಬಿದರೆ ಅದರಲ್ಲೂ ಬೂಸ್ಟೇ.

ಅಳತೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಹಾಲಿನ ಕತೆ ನೋಡಿ. ತೂಕಕ್ಕೆ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಕೊಬ್ಬು ಅಳೆಯುವ ಸರಳ ಪರೀಕ್ಷೆಯನ್ನು ಪ್ರಕಟಿಸಿದರು, ಪೇಟೆಂಟ್ ಕೂಡ ತೆಗೆಸಿಕೊಳ್ಳಲಿಲ್ಲ. ಗಂಧಕಾಮ್ಲ, ಗೆರೆ ಹಾಕಿದ ಸೀಸೆ, ತಿರುಗುವ ಯಂತ್ರ, ಅಷ್ಟೇ. ಹಾಲಿನ ಗುಣಕ್ಕೆ ಬೆಲೆ ಕಟ್ಟಲು ಆಗ ದಾರಿಯಾಯಿತು.

ನಿಮ್ಮ ಘಟಕಕ್ಕೂ ಒಂದು ಲೆಕ್ಕ ಹಾಕೋಣ. ಯಂತ್ರ ದಿನಕ್ಕೆ 10 ಟನ್ ಅರೆಯುತ್ತದೆ ಎನ್ನಿ. ತಲಾ ಒಂದು ಟನ್ ಕೊಡುವ 300 ರೈತರನ್ನು ಕೂಡಿಸಿದರೂ ಅದು 30 ದಿನದ ಕೆಲಸ. ಉಳಿದ ಹನ್ನೊಂದು ತಿಂಗಳು ಬಡ್ಡಿಯೊಂದೇ ತಿರುಗುವುದು. ಆದರೂ ಯೋಜನೆಗಳೆಲ್ಲ ಕಟ್ಟಡದಿಂದಲೇ ಶುರುವಾಗುತ್ತವೆ. ತಪ್ಪು ಯೋಜನೆ ಮಾಡುವವರದೂ ಅಲ್ಲ ಬಿಡಿ, ತೇವಮಾಪಕಕ್ಕೆ ರಿಬ್ಬನ್ ಕಟ್ಟಲು ಜಾಗವೆಲ್ಲಿದೆ? ಟಾರ್ಪಾಲಿಗೆ ಶಿಲಾನ್ಯಾಸ ಮಾಡುವುದು ಹೇಗೆ?

ನಿಮ್ಮ ಕಳಕಳಿ ದೊಡ್ಡದು, ಬರೆಯುತ್ತಿರಿ. ಮುಂದಿನ ಸಲ ಘಟಕದ ನಕ್ಷೆ ಬೇಡ. ಮಾಲು ತೂಗಿದ ಎಷ್ಟನೇ ದಿನ ಹಣ ಕೈಸೇರುತ್ತದೆ, ರೈತನ ಕೈಗೆ ಬರುವ ಚೀಟಿಯಲ್ಲಿ ತೇವಾಂಶ ಬರೆದಿರುತ್ತದೆಯೇ, ಅಷ್ಟು ತಿಳಿಸಿ.

— ಸಂ.